ಬಾಗಿಲ ಹೊರಗೆ ಕೂತ ಅಪ್ಪ ಅಮ್ಮ

ಪುಣೆಯಿರಲಿ, ಚೆನ್ನೈಯಿರಲಿ, ಸ್ಪೀಚ್ ಥೆರಪಿ ಕ್ಲಿನಿಕ್ಕುಗಳ ಎದುರು ಕಾಣುವ ನೋಟ ಹೆಚ್ಚುಕಡಿಮೆ ಒಂದೇ. ಉಗ್ಗುವ ನಾಲ್ಕು ವರ್ಷದ ಮಗು ಒಳಗೆ, ಅಮ್ಮ ಹೊರಗಿನ ಬೆಂಚಿನಲ್ಲಿ, ಅಪ್ಪ ಆಫೀಸಿನಲ್ಲಿ. ಮುಕ್ಕಾಲು ಗಂಟೆ ಕಳೆದರೆ ಮಗು ರಿಪೇರಿಯಾಗಿ ಕೈಗೆ ಸಿಗಬೇಕು. ಟ್ಯೂಷನ್ನಿಗೆ ಬಿಟ್ಟಂತೆ ಥೆರಪಿಗೂ ಬಿಡುವ ಈ ರೂಢಿ ತಪ್ಪು. ಅದಕ್ಕೆ ಒಪ್ಪಿ ಫೀಸು ಪಡೆಯುವ ಕ್ಲಿನಿಕ್ಕಿನದು ಇನ್ನೂ ದೊಡ್ಡ ತಪ್ಪು.

ಲೆಕ್ಕ ಸರಳ. ವಾರದಲ್ಲಿ ಮಗು ಎಂಬತ್ತು ಗಂಟೆಯಾದರೂ ಎಚ್ಚರವಿರುತ್ತದೆ. ಅದರಲ್ಲಿ ಥೆರಪಿಸ್ಟ್ ಪಾಲಿಗೆ ಬರುವುದು ಒಂದು ಗಂಟೆ. ಉಳಿದ ಮಾತೆಲ್ಲ ಊಟದ ತಟ್ಟೆಯ ಮುಂದೆ, ಬಚ್ಚಲುಮನೆಯಲ್ಲಿ, ಸ್ಕೂಟರಿನ ಮೇಲೆ.

ಸಿಡ್ನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ಲಿಡ್‌ಕಮ್ ಕ್ರಮ ನಿಂತಿರುವುದು ಈ ಲೆಕ್ಕದ ಮೇಲೆಯೇ. ಥೆರಪಿಸ್ಟ್ ವಾರಕ್ಕೊಮ್ಮೆ ಕಲಿಸುವುದು ತಂದೆತಾಯಿಗೆ. ದಿನವೂ ಹತ್ತು-ಹದಿನೈದು ನಿಮಿಷ ಅಭ್ಯಾಸ ಮಾಡಿಸುವವರು, ಮಾತು ತಡೆಯಿಲ್ಲದೆ ಬಂದಾಗ ‘ಎಷ್ಟು ಸಲೀಸಾಗಿ ಹೇಳಿದೆ!’ ಎಂದು ಮೆಚ್ಚುವವರು, ಆ ದಿನದ ಉಗ್ಗಿಗೆ 0ಯಿಂದ 9ರವರೆಗೆ ಅಂಕ ಬರೆದಿಡುವವರು ಅವರೇ. ನ್ಯೂಜಿಲೆಂಡಿನ 54 ಮಕ್ಕಳ ಮೇಲೆ ನಡೆದ ಪ್ರಯೋಗದ ಫಲ 2005ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಬಂತು. ಒಂಬತ್ತು ತಿಂಗಳ ಬಳಿಕ ಈ ಕ್ರಮಕ್ಕೆ ಸೇರಿದ ಮಕ್ಕಳ ಉಗ್ಗು ಉಳಿದವರಿಗಿಂತ ಸ್ಪಷ್ಟವಾಗಿ ಕಡಿಮೆಯಾಗಿತ್ತು.

‘ಹಾಗಾದರೆ ತಪ್ಪು ನಮ್ಮದೇ?’ ಎಂದು ತಾಯಂದಿರು ಕುಗ್ಗುತ್ತಾರೆ. ಅಲ್ಲ. ಉಗ್ಗು ಹುಟ್ಟುವುದೇ ತಂದೆತಾಯಿಯ ಕಿವಿಯಲ್ಲಿ ಎಂದು ಅಮೆರಿಕದ ವೆಂಡೆಲ್ ಜಾನ್ಸನ್ 1940ರ ದಶಕದಲ್ಲಿ ವಾದಿಸಿದ್ದರು. ಆ ವಾದ ಬಿದ್ದುಹೋಗಿ ಬಹಳ ಕಾಲವಾಯಿತು. ಉಗ್ಗಿನ ಬೇರಿರುವುದು ವಂಶವಾಹಿಗಳಲ್ಲಿ, ಮಿದುಳಿನ ಬೆಳವಣಿಗೆಯಲ್ಲಿ. ಜ್ವರ ಬಂದದ್ದು ಅಮ್ಮನಿಂದಲ್ಲ. ಆದರೂ ಹೊತ್ತುಹೊತ್ತಿಗೆ ಔಷಧಿ ಕುಡಿಸುವವಳು ಅಮ್ಮನೇ. ಅಪ್ಪನಿಗೂ ಆ ಕೆಲಸ ಬರಬೇಕು.

ಹೊರನಾಡಿನಲ್ಲಿ ಇನ್ನೊಂದು ಸಲಹೆ ಸಲೀಸಾಗಿ ಸಿಗುತ್ತದೆ: ‘ಮನೆಯಲ್ಲಿ ಕನ್ನಡ ಬಿಡಿ, ಮಗುವಿಗೆ ಗೊಂದಲವಾಗುತ್ತದೆ.’ ಎರಡು ಭಾಷೆ ಕಲಿತರೆ ಉಗ್ಗು ಬರುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಜ್ಜಿಯೊಡನೆ ಆಡುವ ಮಾತನ್ನು ಕಿತ್ತುಕೊಂಡರೆ ಉಗ್ಗು ಹೋಗುವುದಿಲ್ಲ, ಅಜ್ಜಿ ದೂರವಾಗುತ್ತಾಳೆ ಅಷ್ಟೆ. ದೆಹಲಿಯ ಥೆರಪಿಸ್ಟ್‌ಗೆ ಕನ್ನಡ ಬಾರದಿದ್ದರೆ, ಮಗು ಕನ್ನಡದಲ್ಲಿ ಎಲ್ಲೆಲ್ಲಿ ತಡೆಯುತ್ತದೆಂದು ಹೇಳಬಲ್ಲವರು ಮನೆಯವರು ಮಾತ್ರ. ಅಂಥವರನ್ನೇ ಬೆಂಚಿನಲ್ಲಿ ಕೂರಿಸುವುದೆಂಥ ಚಿಕಿತ್ಸೆ?

ಹಾಗೆಂದು ಮೊಬೈಲ್ ವಿಡಿಯೋ ನೋಡಿ ಮನೆಯಲ್ಲೇ ಶುರುಮಾಡುವುದೂ ಸಲ್ಲ. ಮೆಚ್ಚುಗೆ ಅತಿಯಾದರೆ ಮಗುವಿಗೆ ಕಿರಿಕಿರಿ. ಅಳತೆ ಕಲಿಸಲು ತರಬೇತಾದವರೇ ಬೇಕು. ಬಹಳಷ್ಟು ಮಕ್ಕಳಲ್ಲಿ ಉಗ್ಗು ತಾನಾಗಿ ನಿಲ್ಲುತ್ತದೆ, ನಿಜ. ಯಾವ ಮಗುವಿನಲ್ಲಿ ನಿಲ್ಲುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು. ಅದಕ್ಕೇ ಬೇಗ ತೋರಿಸಬೇಕು, ತೋರಿಸಿದ ಮೇಲೆ ಒಳಗೆ ಕೂರಬೇಕು. ‘ತಂದೆತಾಯಿ ಹೊರಗಿರಲಿ’ ಎನ್ನುವ ಕ್ಲಿನಿಕ್ಕಿಗೆ ಕಾರಣ ಕೇಳಬೇಕು. ಸರಿಯಾದ ಉತ್ತರ ಬಾರದಿದ್ದರೆ ಕ್ಲಿನಿಕ್ ಬದಲಿಸಬೇಕು.