ಲೆಕ್ಕದ ಮಾತು ಮೊದಲು, ಎಕ್ಸ್ ಆಮೇಲೆ

ಮಹಾರಾಷ್ಟ್ರದ ಹತ್ತನೇ ತರಗತಿಯ ಬೀಜಗಣಿತ ಪಠ್ಯದ ಮೊದಲ ಅಧ್ಯಾಯದಲ್ಲೇ ಒಂದು ಜೋಡಿ ಸಮೀಕರಣ ಸಿಗುತ್ತದೆ: 49 ಎಕ್ಸ್‌ನಲ್ಲಿ 57 ವೈ ಕಳೆದರೆ 172, 57 ಎಕ್ಸ್‌ನಲ್ಲಿ 49 ವೈ ಕಳೆದರೆ 252. ಎರಡನ್ನೂ ಒಮ್ಮೆ ಕೂಡಿಸಿ, ಇನ್ನೊಮ್ಮೆ ಒಂದರಲ್ಲಿ ಒಂದನ್ನು ಕಳೆದರೆ ಎಕ್ಸ್ 7, ವೈ 3 ಎಂಬ ಉತ್ತರ ಸಲೀಸಾಗಿ ಬರುತ್ತದೆ. ಇದೇ ಅಚ್ಚಿನ ಲೆಕ್ಕವೊಂದು ಸುಮಾರು ಕ್ರಿ.ಶ. 850ರಲ್ಲಿ ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲೂ ಇದೆ. ಅಲ್ಲಿ ಎಕ್ಸ್ ಇಲ್ಲ, ವೈ ಇಲ್ಲ, ಹಣ್ಣುಗಳಿವೆ. ಒಂಬತ್ತು ಮಾದಳಕ್ಕೂ ಏಳು ಬೇಲದ ಹಣ್ಣಿಗೂ ಸೇರಿ ಬೆಲೆ 107, ಏಳು ಮಾದಳಕ್ಕೂ ಒಂಬತ್ತು ಬೇಲಕ್ಕೂ ಸೇರಿ 101. ಒಂದೊಂದರ ಬೆಲೆ ಎಷ್ಟು? ಕೂಡಿಸಿದರೆ ಹದಿನಾರು ಜೋಡಿಗೆ 208, ಅಂದರೆ ಜೋಡಿಗೆ 13. ಕಳೆದು ಅರ್ಧ ಮಾಡಿದರೆ ಎರಡರ ಬೆಲೆಯ ಅಂತರ 3. ಮಾದಳಕ್ಕೆ 8, ಬೇಲಕ್ಕೆ 5. ಗ್ರಂಥದ ಆರಂಭದಲ್ಲಿ ಮಹಾವೀರ ಹೊಗಳುವ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಹೆಸರು ಥಾಣೆಯಿಂದ ದೂರವಿಲ್ಲದ ಕಾನ್ಹೇರಿ ಗುಹೆಗಳ ಶಾಸನಗಳಲ್ಲಿ, ಅವನ ಮಾಂಡಲಿಕರಾಗಿ ಕೊಂಕಣ ಆಳಿದ ಶಿಲಾಹಾರರ ಹೆಸರಿನ ಜೊತೆಗೇ ಕಾಣಿಸುತ್ತದೆ. ಈ ಕರಾವಳಿಗೆ ಬಾಳಿನ ಲೆಕ್ಕದಿಂದ ಹುಟ್ಟಿದ ಬೀಜಗಣಿತ ಹೊಸದೇನಲ್ಲ.

ನಮ್ಮ ತರಗತಿಗಳಲ್ಲಿ ಆ ಕ್ರಮ ತಲೆಕೆಳಗಾಗಿದೆ. ಅಧ್ಯಾಯದ ಮೊದಲ ಪುಟದಿಂದ ಚಿಹ್ನೆಗಳ ಅಭ್ಯಾಸ. ವಾಕ್ಯರೂಪದ ಲೆಕ್ಕಗಳು ಕೊನೆಯ ಅಭ್ಯಾಸದಲ್ಲಿ. ಡೊಂಬಿವಲಿ, ಕಲ್ಯಾಣದ ಟ್ಯೂಷನ್ ಕ್ಲಾಸುಗಳಲ್ಲಿ ಅಷ್ಟು ಹೊತ್ತಿಗೆ ಪೋರ್ಷನ್ ಮುಗಿಸುವ ಅವಸರ ಶುರುವಾಗಿರುತ್ತದೆ. ‘ಆಚೆಗೆ ಹೋದರೆ ಪ್ಲಸ್ ಮೈನಸ್ ಆಗುತ್ತದೆ’ ಎಂಬ ಪಕ್ಷಾಂತರದ ನಿಯಮ ಮಗುವಿಗೆ ಬಾಯಿಪಾಠವಾಗಿರುತ್ತದೆ. ಯಾಕೆ ಆಗುತ್ತದೆ ಎಂದರೆ ಉತ್ತರವಿಲ್ಲ. ನಾನು ಹೇಳಹೊರಟಿರುವುದು ಇಷ್ಟು: ಆರಂಭದ ಬೀಜಗಣಿತದಲ್ಲಿ ದಿನಬಳಕೆಯ ಲೆಕ್ಕ ಅಧ್ಯಾಯದ ಬಾಲವಾಗಿರಬಾರದು, ಬಾಗಿಲಾಗಿರಬೇಕು. ಸಮೀಕರಣವನ್ನು ಬಿಡಿಸುವುದಕ್ಕೆ ಮೊದಲು ಅದನ್ನು ಕಟ್ಟುವುದನ್ನು ಮಗು ಕಲಿಯಬೇಕು.

ಕಟ್ಟುವುದರಿಂದ ಏನು ಸಿಗುತ್ತದೆ ಎಂಬುದಕ್ಕೆ ರಿಕ್ಷಾ ಬಾಡಿಗೆಯನ್ನೇ ನೋಡಿ. 2025ರ ಫೆಬ್ರವರಿಯಿಂದ ಮುಂಬಯಿ ಮಹಾನಗರ ಪ್ರದೇಶದಲ್ಲಿ ಮೀಟರ್ ರಿಕ್ಷಾದ ಕನಿಷ್ಠ ಬಾಡಿಗೆ 26 ರೂಪಾಯಿ. ಅದು ಮೊದಲ ಒಂದೂವರೆ ಕಿಲೋಮೀಟರಿಗೆ. ಅಲ್ಲಿಂದಾಚೆ ಕಿಲೋಮೀಟರಿಗೆ 17 ರೂಪಾಯಿ 14 ಪೈಸೆ. ಕೇಳಿದವರಿಗೆ 26 ರೂಪಾಯಿ ಹತ್ತಿದ್ದಕ್ಕೇ ತೆರುವ ಹಣ, ಓಡಿದ್ದಕ್ಕೆ ಬೇರೆ ಎನಿಸುತ್ತದೆ. ಈಗ ದೂರವನ್ನು ಎಕ್ಸ್ ಎಂದು ಇಟ್ಟುಕೊಂಡು ಬರೆಯಿರಿ: ಎಕ್ಸ್‌ನಲ್ಲಿ ಒಂದೂವರೆ ಕಳೆದು, 17.14ರಿಂದ ಗುಣಿಸಿ, 26 ಕೂಡಿಸಬೇಕು. ಆವರಣ ಬಿಡಿಸಿದರೆ 26ರಲ್ಲಿ 25.71 ಕರಗಿ ಉಳಿಯುವುದು ಬರೀ 29 ಪೈಸೆ. ಅಂದರೆ ಕನಿಷ್ಠ ಬಾಡಿಗೆ ಎಂಬುದು ಹೆಚ್ಚುವರಿ ಶುಲ್ಕವೇ ಅಲ್ಲ, ಒಂದೂವರೆ ಕಿಲೋಮೀಟರಿನ ಬೆಲೆಯನ್ನು ರೂಪಾಯಿಗೆ ಸರಿಹೊಂದಿಸಿದ್ದು. ದೂರ ಹೋಗುವವನು ಆರಂಭದಿಂದಲೂ ಒಂದೇ ದರ ಕೊಡುತ್ತಿದ್ದಾನೆ. ಹಿಂದಿನ ದರ 23 ರೂಪಾಯಿ, ಕಿಲೋಮೀಟರಿಗೆ 15.33 ಇದ್ದಾಗಲೂ ಹೀಗೆಯೇ. ಮೀಟರ್ ದಿನವೂ ಕಣ್ಣೆದುರಿಗಿದ್ದರೂ ಇದು ಕಾಣುವುದಿಲ್ಲ. ಸಮೀಕರಣ ಬರೆದಾಗ ಕಾಣುತ್ತದೆ. ಆವರಣ ಬಿಡಿಸುವುದು ಯಾಕೆ ಎಂದು ಕೇಳುವ ಹದಿಮೂರರ ಹುಡುಗಿಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ.

ಹೌಸಿಂಗ್ ಸೊಸೈಟಿಯ ಮೆಂಟೆನೆನ್ಸ್ ಬಿಲ್ ಇನ್ನೊಂದು. ಅದರಲ್ಲಿ ಸೇವಾ ಶುಲ್ಕದಂಥದು ಎಲ್ಲ ಮನೆಗಳಿಗೂ ಸಮ, ಉಳಿದ ಕೆಲವು ಮನೆಯ ಗಾತ್ರಕ್ಕೆ ತಕ್ಕಂತೆ. 450 ಚದರಡಿಯ ಮನೆಗೆ 2,850 ರೂಪಾಯಿ, 700 ಚದರಡಿಯದಕ್ಕೆ 3,600 ಬಂದಿದೆ ಎಂದುಕೊಳ್ಳಿ. ಅಂತರ 250 ಚದರಡಿಗೆ 750 ರೂಪಾಯಿ, ಚದರಡಿಗೆ 3. ಎಲ್ಲರಿಗೂ ಸಮನಾದ ಪಾಲು 1,500. ವಾರ್ಷಿಕ ಸಭೆಯಲ್ಲಿ ‘ನಮಗೇ ಯಾಕೆ ಇಷ್ಟು’ ಎಂದು ಏಳುವ ಜಗಳದ ಒಳಗಿರುವುದು ಎರಡು ಅಜ್ಞಾತಗಳ ಸಮೀಕರಣವೇ. ಸ್ಲೋ ಲೋಕಲ್ ಫಾಸ್ಟ್‌ಗಿಂತ ಎಷ್ಟು ತಡ ಎಂಬುದೂ ಓಟದ ಸಮಯಕ್ಕೆ ನಿಲುಗಡೆಗಳ ಸಮಯ ಕೂಡಿಸುವ ಇದೇ ಜಾತಿಯ ಲೆಕ್ಕ.

ಇದು ಬರೀ ಆಸಕ್ತಿ ಹುಟ್ಟಿಸುವ ಉಪಾಯ ಎನ್ನುವವರಿಗೆ ಸಂಶೋಧನೆ ಬೇರೆ ಮಾತು ಹೇಳುತ್ತದೆ. ಅಮೆರಿಕದ ಕೆನೆತ್ ಕೊಯ್ಡಿಂಗರ್ ಮತ್ತು ಮಿಚೆಲ್ ನೇಥನ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ಲೆಕ್ಕವನ್ನು ಎರಡು ರೂಪದಲ್ಲಿ ಹೈಸ್ಕೂಲ್ ಮಕ್ಕಳಿಗೆ ಕೊಟ್ಟರು. ಒಂದು ಹೋಟೆಲ್ ವೇಟರನದು: ಗಂಟೆಗೆ ಆರು ಡಾಲರ್ ಕೂಲಿ, 66 ಡಾಲರ್ ಟಿಪ್ಸ್, ಒಟ್ಟು 81.90, ಎಷ್ಟು ಗಂಟೆ ದುಡಿದ? ಇನ್ನೊಂದು ಅದರದೇ ಬರಿಯ ಸಮೀಕರಣ. ಮಕ್ಕಳು ಹೆಚ್ಚು ಸರಿ ಮಾಡಿದ್ದು ವೇಟರನ ಲೆಕ್ಕವನ್ನು. ವಾಕ್ಯರೂಪದ್ದೇ ಕಷ್ಟ ಎಂಬ ಶಿಕ್ಷಕರ ನಂಬಿಕೆಗೆ ಇದು ವಿರುದ್ಧವಾಗಿತ್ತು. ಉಡುಪಿ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ತಲೆಮಾರುಗಳಿರುವ ಮುಂಬಯಿ ಕನ್ನಡಿಗರಿಗೆ ಆ ವೇಟರ್ ಅಪರಿಚಿತನಲ್ಲ. 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ, ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೂ ಭಾಗವಹಿಸಿದ ಅಧ್ಯಯನ ನಮಗೆ ಇನ್ನೂ ಹತ್ತಿರದ್ದು. ಕೋಲ್ಕತ್ತ, ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ವ್ಯಾಪಾರದ ತೊಡಕಿನ ಲೆಕ್ಕಗಳನ್ನು ಬಾಯಲ್ಲೇ ಮಾಡಿದರು, ಶಾಲೆಯ ಮಾದರಿಯ ಲೆಕ್ಕಗಳಲ್ಲಿ ಎಡವಿದರು. ಬರೀ ಶಾಲೆಗೆ ಹೋಗುವ ಮಕ್ಕಳದು ಇದರ ತಿರುಗುಮುರುಗು. ಎರಡು ಜ್ಞಾನವೂ ಇವೆ, ನಡುವೆ ಸೇತುವೆ ಇಲ್ಲ. ಅದು ತಾನಾಗಿ ಬೆಳೆಯುವುದಿಲ್ಲ, ಯಾರಾದರೂ ಕಟ್ಟಬೇಕು ಎಂಬುದೇ ಇದರಿಂದ ನಾನು ತೆಗೆಯುವ ಅರ್ಥ.

ಆಕ್ಷೇಪಗಳು ಹಗುರವಾದವಲ್ಲ. ಬೀಜಗಣಿತದ ಬಲ ಇರುವುದೇ ಹಣ್ಣನ್ನೂ ರಿಕ್ಷಾವನ್ನೂ ಮರೆಯುವುದರಲ್ಲಿ ಎನ್ನುತ್ತಾರೆ ಗಣಿತಜ್ಞರು. ನಿಜ. ಕೊಯ್ಡಿಂಗರ್ ಮತ್ತು ನೇಥನ್ ಅವರೇ ಮಾರ್ಥಾ ಅಲಿಬಾಲಿ ಜೊತೆಗೂಡಿ 2008ರಲ್ಲಿ ತೋರಿಸಿದಂತೆ, ಅಜ್ಞಾತ ಒಂದಕ್ಕಿಂತ ಹೆಚ್ಚು ಸಲ ಬರುವ ತೊಡಕಿನ ಲೆಕ್ಕಗಳಲ್ಲಿ ಸಮೀಕರಣವೇ ಸುಲಭ, ಕಥೆ ಭಾರವಾಗುತ್ತದೆ. ಹಾಗಾಗಿ ಚಿಹ್ನೆಗಳ ಅಭ್ಯಾಸ ಬಿಡಿ ಎಂದು ನಾನು ಹೇಳುತ್ತಿಲ್ಲ. ಸರಳವಾದದ್ದನ್ನು ಮಾತಿನಿಂದ ಶುರುಮಾಡಿ, ಮಾತು ಸೋಲುವ ಕಡೆ ಚಿಹ್ನೆ ಕೈಹಿಡಿಯುವುದನ್ನು ಮಗು ತಾನೇ ಕಾಣಲಿ. ಹೊರೆಯೆನಿಸಿದ ಎಕ್ಸ್ ಆಗ ಬೇಕೆನಿಸುತ್ತದೆ.

ಪುಸ್ತಕದ ವಾಕ್ಯರೂಪದ ಲೆಕ್ಕಗಳು ಸುಳ್ಳು ಲೆಕ್ಕಗಳು ಎಂಬ ಇನ್ನೊಂದು ಆಕ್ಷೇಪವನ್ನು ನಾನು ಪೂರ್ತಿ ಒಪ್ಪುತ್ತೇನೆ. ಹಡಗಿನಲ್ಲಿ 26 ಕುರಿ, 10 ಮೇಕೆ ಇದ್ದರೆ ಕಪ್ತಾನನ ವಯಸ್ಸೆಷ್ಟು ಎಂದು ಫ್ರಾನ್ಸಿನ ಗ್ರೆನೋಬ್ಲಿನಲ್ಲಿ ಸಂಶೋಧಕರು ಕೇಳಿದಾಗ 97 ಮಕ್ಕಳಲ್ಲಿ 76 ಮಂದಿ ಇದ್ದ ಅಂಕಿಗಳನ್ನೇ ಕೂಡಿಸಿಯೋ ಕಳೆದೋ ಉತ್ತರ ಕೊಟ್ಟರು. ಪ್ರಶ್ನೆಗೆ ಅರ್ಥವಿದೆಯೇ ಎಂದು ಯೋಚಿಸುವುದು ಶಾಲೆಯ ಕೆಲಸವಲ್ಲ ಎಂದು ಅವರು ಕಲಿತುಬಿಟ್ಟಿದ್ದರು. ಇದಕ್ಕೆ ಪರಿಹಾರ ವಾಕ್ಯರೂಪದ ಲೆಕ್ಕ ಕೈಬಿಡುವುದಲ್ಲ, ನಿಜವಾದದ್ದನ್ನು ತರುವುದು: ಮಹಾವಿತರಣದ ವಿದ್ಯುತ್ ಬಿಲ್, ಅದರ 100 ಯೂನಿಟ್, 300 ಯೂನಿಟ್ ಸ್ಲ್ಯಾಬ್‌ಗಳ ಸಮೇತ.

ಭಾಷೆಯ ತೊಡಕು ನಮ್ಮವರಿಗೆ ಹೆಚ್ಚು ಸಂಬಂಧಿಸಿದ್ದು. ಮನೆಯಲ್ಲಿ ಕನ್ನಡವೋ ತುಳುವೋ, ಅಂಗಡಿಯಲ್ಲಿ ಮರಾಠಿ, ಪುಸ್ತಕದಲ್ಲಿ ಇಂಗ್ಲಿಷ್; ಲೆಕ್ಕ ಬಂದರೂ ವಾಕ್ಯ ಅರ್ಥವಾಗದೆ ಅಂಕ ಕಳೆದುಕೊಳ್ಳುವ ಮಕ್ಕಳಿದ್ದಾರೆ. ಅಂಥವರಿಗೆ ವಾಕ್ಯ ಕಡಿಮೆ ಮಾಡುವುದು ಕರುಣೆಯಂತೆ ಕಂಡರೂ, ಅದರಿಂದ ಅವರು ಚಿಹ್ನೆಗಳನ್ನು ಅರ್ಥವಿಲ್ಲದೆ ಆಡಿಸುವವರಾಗಿಯೇ ಉಳಿಯುತ್ತಾರೆ. ಗೊತ್ತಿರುವ ಭಾಷೆಯಲ್ಲಿ ಸಮೀಕರಣ ಕಟ್ಟಿ, ಆಮೇಲೆ ಪರೀಕ್ಷೆಯ ಭಾಷೆಗೆ ದಾಟಲಿ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿ ಬರೆದಿದ್ದಾನೆ, ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆ ಬಾಲಭಾರತಿ ಇಂದಿಗೂ ಕನ್ನಡದಲ್ಲಿ ಪಠ್ಯ ತರುತ್ತದೆ, ಡೊಂಬಿವಲಿ ಕರ್ನಾಟಕ ಸಂಘ ಮಂಜುನಾಥ ವಿದ್ಯಾಲಯ ನಡೆಸುತ್ತದೆ. ಥಾಣೆ, ನವಿಮುಂಬಯಿಯ ಕನ್ನಡ ಸಂಘಗಳಿಗೆ ಸಭಾಂಗಣವೂ ಭಾನುವಾರವೂ ಇವೆ. ಇಂಗ್ಲಿಷ್ ಮಾಧ್ಯಮದ ಎಂಟನೇ ತರಗತಿಯ ಮಕ್ಕಳನ್ನು ಕೂರಿಸಿ ಮನೆಮಾತಿನಲ್ಲಿ ಲೆಕ್ಕ ಕಟ್ಟಿಸಲು ಹೊಸ ಅನುದಾನ ಬೇಕಿಲ್ಲ.

ಪರೀಕ್ಷೆಗೆ ಇದೆಲ್ಲ ಎಲ್ಲಿ ಬರುತ್ತದೆ ಎಂದು ಪೋಷಕರು ಕೇಳುವುದು ಸಹಜ. ಹತ್ತನೇ ತರಗತಿಯಲ್ಲಿ ಬೀಜಗಣಿತಕ್ಕೆ 40, ರೇಖಾಗಣಿತಕ್ಕೆ 40 ಅಂಕಗಳಾದ ಮೇಲೆ ಇನ್ನು 20 ಆಂತರಿಕ ಮೌಲ್ಯಮಾಪನದ್ದು; ಅದರಲ್ಲಿ ಒಂದು ಪಾಲನ್ನು ಮಗು ತಾನೇ ಕಟ್ಟಿದ ಸಮೀಕರಣಕ್ಕೆ ಇಡಬಹುದು. ತಿರುಗಿಸಿಯೂ ಕೇಳಬಹುದು: ಎಕ್ಸ್‌ನ ಮೂರರಷ್ಟಕ್ಕೆ 1,500 ಕೂಡಿಸಿದರೆ 3,600; ಇದು ನಿನ್ನ ಊರಿನಲ್ಲಿ ಯಾವುದರ ಲೆಕ್ಕವಾಗಿರಬಹುದು, ಬರೆ. ಒಬ್ಬಳು ಮೆಂಟೆನೆನ್ಸ್ ಎನ್ನಬಹುದು, ಇನ್ನೊಬ್ಬ ಮದುವೆ ಹಾಲಿನ ಬಾಡಿಗೆ ಎನ್ನಬಹುದು. ಎಕ್ಸ್ 700 ಎಂದಾಗ ಅದು ಚದರಡಿಯೋ ರೂಪಾಯಿಯೋ ಎಂದು ಅವರೇ ಹೇಳಬೇಕು. ಗೈಡ್‌ನಲ್ಲಿ ಇದಕ್ಕೆ ಉತ್ತರ ಸಿಗುವುದಿಲ್ಲ. ತಿದ್ದಲು ಶಿಕ್ಷಕರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ. ಆ ಹೊತ್ತನ್ನು ಶಾಲೆಗಳು ವೇಳಾಪಟ್ಟಿಯಲ್ಲೇ ಅವರಿಗೆ ಕೊಡಬೇಕು.