ಹೊರಬಾಗಿಲಿನ ಚೀಟಿ

ಬ್ರೆಡ್ಡನ್ನು ಉಬ್ಬಿಸುವ ಯೀಸ್ಟಿಗೆ ಇರುವುದು ಒಂದೇ ಜೀವಕೋಶ. ಆದರೂ ಅದರ ಆಡಳಿತವನ್ನು ಗುಮಾಸ್ತರಾದ ನಾವು ನೋಡಿ ಕಲಿಯಬೇಕು.

ಕೋಶಕೇಂದ್ರವೇ ಅದರ ದಫ್ತರ. ಯಾಪ್-1 ಎಂಬ ಪ್ರೋಟೀನು ಸದಾ ಅದರೊಳಕ್ಕೆ ಬರುತ್ತಿರುತ್ತದೆ. ಅದರ ಮೈಮೇಲೆ 'ಹೊರಕ್ಕೆ ಬಿಡಿ' ಎಂಬಂಥ ಗುರುತಿನ ಚೀಟಿಯೊಂದುಂಟು. ಅದನ್ನು ಕಂಡೊಡನೆ ಸಿಆರ್‌ಎಂ-1 ಎಂಬ ಜವಾನ ಯಾಪನ್ನು ಹೊರಕ್ಕೆ ಒಯ್ಯುತ್ತಾನೆ. ಇದು 1998ರಲ್ಲಿ ತಿಳಿದುಬಂತು.

ಗಾಯ ತೊಳೆಯುವ ಹೈಡ್ರೊಜನ್ ಪೆರಾಕ್ಸೈಡ್ ಕೋಶಕ್ಕೆ ಸೋಕಿತೆನ್ನಿ. ಕೂಡಲೇ ಜಿಪಿಎಕ್ಸ್-3 ಎಂಬ ಇನ್ನೊಂದು ಪ್ರೋಟೀನು ವಿಷವನ್ನು ಗುರುತಿಸಿ, ಯಾಪಿನಲ್ಲಿ ದೂರವಿದ್ದ ಎರಡು ಗಂಧಕದ ಪರಮಾಣುಗಳು ಬೆಸೆದುಕೊಳ್ಳುವಂತೆ ಮಾಡುತ್ತದೆ. ಈ ಗುಟ್ಟು ಹೊರಬಿದ್ದದ್ದು 2002ರಲ್ಲಿ. ಯಾಪ್ ಮಡಿಚಿಕೊಂಡು ಚೀಟಿ ಮರೆಯಾಗುತ್ತದೆ. ಚೀಟಿ ಕಾಣದ ಜವಾನ ಅದನ್ನು ಮುಟ್ಟುವುದಿಲ್ಲ. ಒಳಗೇ ನಿಂತ ಯಾಪ್, ವಿಷ ಮುರಿಯುವ ಪ್ರೋಟೀನುಗಳನ್ನು ತಯಾರಿಸಲು ಅಪ್ಪಣೆ ಕೊಡುತ್ತದೆ. ಯಾಪ್ ಇಲ್ಲದ ಯೀಸ್ಟು, ಉಳಿದವು ತಾಳಿಕೊಳ್ಳುವಷ್ಟು ಪೆರಾಕ್ಸೈಡಿಗೇ ಸಾಯುತ್ತದೆ.

ಹಾಗೆ ತಯಾರಾದವುಗಳಲ್ಲಿ ಥಯೊರೆಡಾಕ್ಸಿನ್ ಒಂದು. ವಿಷ ಇಳಿದ ಮೇಲೆ ಅದೇ ಬಂದು ಬೆಸುಗೆ ಬಿಡಿಸುತ್ತದೆ. ಚೀಟಿ ಮತ್ತೆ ಕಾಣುತ್ತದೆ, ಯಾಪ್ ಹೊರಗೆ ಹೋಗುತ್ತದೆ.

ಆಪತ್ತಿಗೆ ಹೊಸಬರನ್ನು ನೇಮಿಸುವವರೆಗೆ ಕಾಯಲಿಲ್ಲ. ಇದ್ದವನನ್ನೇ ತಡೆದು ನಿಲ್ಲಿಸಿತು. ಕೆಲಸ ಮುಗಿದ ಮೇಲೆ ಅವನು ಕುರ್ಚಿಗೆ ಅಂಟಿಕೊಳ್ಳಲೂ ಇಲ್ಲ. ನಮ್ಮ ಕಚೇರಿಗಳಿಗೆ ಈ ವಿದ್ಯೆ ಎಂದು ಬಂದೀತೋ!