ಹುಲ್ಲು ಮೇಯ್ದ ಮಾಂಸ: ಲೇಬಲಿನ ತಯ್ಯಿಬ್ ನಮಗೆ ಸಾಲದು

ಪವಿತ್ರ ಕುರ್‌ಆನ್ ಸಕಲ ಮಾನವರನ್ನು ಉದ್ದೇಶಿಸಿ ಆಹಾರದ ಕುರಿತು ಮಾತನಾಡುವಾಗ ಎರಡು ಶರತ್ತುಗಳನ್ನು ಒಟ್ಟಿಗೇ ಮುಂದಿಡುತ್ತದೆ (ಅಲ್ ಬಕರ: 168). ಆಹಾರವು ಹಲಾಲ್ ಆಗಿರಬೇಕು. ಜೊತೆಗೆ ಅದು ತಯ್ಯಿಬ್, ಅಂದರೆ ಶುದ್ಧವೂ ಉತ್ತಮವೂ ಆಗಿರಬೇಕು. ನಮ್ಮ ಸಮುದಾಯವು ಮೊದಲನೆಯ ಶರತ್ತನ್ನು ಮಾಂಸದಂಗಡಿಯ ಫಲಕಕ್ಕೆ ಒಪ್ಪಿಸಿ ನಿಶ್ಚಿಂತವಾಗಿದೆ. ಎರಡನೆಯದರ ಬಗ್ಗೆ ಕೇಳುವವರೇ ವಿರಳ. ಹೀಗೆ ಅನಾಥವಾಗಿ ಬಿದ್ದಿದ್ದ ಆ ಶರತ್ತನ್ನು ಈಗ ಮಾರುಕಟ್ಟೆಯು ಎತ್ತಿಕೊಂಡಿದೆ. ಅದಕ್ಕೆ ಹೊಸ ಹೆಸರಿಟ್ಟು ದುಬಾರಿ ಬೆಲೆಗೆ ನಮಗೇ ಮಾರುತ್ತಿದೆ. ಆ ಹೆಸರೇ 'ಗ್ರಾಸ್ ಫೆಡ್', ಹುಲ್ಲು ಮೇಯ್ದ ಪ್ರಾಣಿಯ ಮಾಂಸ.

ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ನಮ್ಮ ಕರಾವಳಿಯ ಸಹೋದರರಿಗೆ ಈ ಪದ ಹೊಸದಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗಳಿಂದ ಬರುವ ಇಂತಹ ಬೀಫ್ ಅಲ್ಲಿನ ಸೂಪರ್ ಮಾರ್ಕೆಟ್‌ಗಳಲ್ಲಿ ಬೇರೆ ಬೆಲೆಯ ಚೀಟಿ ಹೊತ್ತು ಕುಳಿತಿರುತ್ತದೆ. ಕರ್ನಾಟಕದಲ್ಲಿ ಪರಿಸ್ಥಿತಿ ಬೇರೆ. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾನೂನು ಹಸು, ಕರು, ಹೋರಿ ಮತ್ತು ಎತ್ತುಗಳ ವಧೆಯನ್ನು ಪೂರ್ಣವಾಗಿ ನಿಷೇಧಿಸಿದೆ. 13 ವರ್ಷ ದಾಟಿದ ಎಮ್ಮೆ, ಕೋಣಗಳಿಗೆ ಮಾತ್ರ ಅವಕಾಶವಿದೆ. ಕಾನೂನನ್ನು ಪಾಲಿಸುವುದು ನಮ್ಮ ಹೊಣೆ, ಅದರ ಬಗ್ಗೆ ಇಲ್ಲಿ ಚರ್ಚೆಯಿಲ್ಲ. ಆದರೆ ಹುಲ್ಲಿನ ಹೆಸರಿನ ವ್ಯಾಪಾರವು ಬೀಫ್‌ಗೆ ಮಾತ್ರ ಸೀಮಿತವಾಗಿಲ್ಲ. ತುಪ್ಪದ ಬಾಟಲಿಯ ಮೇಲೆ, ಹಾಲಿನ ಜಾಹೀರಾತಿನಲ್ಲಿ, ನಗರದ ಮಟನ್ ಪೊಟ್ಟಣದ ಮೇಲೆ ಅದೇ ಮಾತು ಕಾಣುತ್ತಿದೆ. ಆದ್ದರಿಂದ ಈ ಪ್ರಶ್ನೆ ದುಬೈಯಲ್ಲಿರುವವರಿಗೆ ಸಂಬಂಧಿಸಿದಷ್ಟೇ ಅಂಕೋಲಾದಲ್ಲಿರುವವರಿಗೂ ಸಂಬಂಧಿಸಿದೆ.

ಈ ಬೇಡಿಕೆಯಲ್ಲಿ ಸತ್ಯವೇ ಇಲ್ಲವೆಂದು ಹೇಳಲಾಗದು. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯನ್ನು ಅಲ್ಲಾಹನು ಹುಲ್ಲಿಗಾಗಿಯೇ ರೂಪಿಸಿದ್ದಾನೆ. ಅಮೆರಿಕದ ಬೃಹತ್ ದೊಡ್ಡಿಗಳಲ್ಲಿ ಸಾವಿರಾರು ದನಗಳನ್ನು ಒಟ್ಟಿಗೆ ಕೂಡಿ, ಕೊನೆಯ ಕೆಲವು ತಿಂಗಳು ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುವ ಪದ್ಧತಿಗೆ ಪ್ರಾಣಿಯ ಪ್ರಕೃತಿಗಿಂತ ತಕ್ಕಡಿಯೇ ಮುಖ್ಯ. ಅದನ್ನು ಒಲ್ಲೆನೆನ್ನುವ ಗ್ರಾಹಕನ ಮನಸ್ಸು ಒಳ್ಳೆಯದೇ. ಹುಲ್ಲು ಮೇಯ್ದ ಪ್ರಾಣಿಯ ಕೊಬ್ಬಿನಲ್ಲಿ ಒಮೇಗಾ-3 ಅಂಶ ಹೆಚ್ಚಿರುತ್ತದೆ ಎಂಬುದೂ ನಿಜ. ಆದರೆ ಅಲ್ಲಿ ಅದರ ಪ್ರಮಾಣವೇ ಅತ್ಯಲ್ಪ. ನಮ್ಮ ಮೀನುಪೇಟೆಯ ತಾರ್ಲೆ, ಬಂಗುಡೆಗಳಲ್ಲಿ ಅದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿದೆ. ಆರೋಗ್ಯದ ಹೆಸರಿನಲ್ಲಿ ದುಬಾರಿ ಮಾಂಸ ಕೊಳ್ಳುವವರು ಮೊದಲು ತಮ್ಮ ಕಡಲಿನ ಕಡೆ ನೋಡಲಿ.

ಇನ್ನು ಲೇಬಲಿನ ವಿಷಯ. ಅಮೆರಿಕದ ಕೃಷಿ ಇಲಾಖೆಯು ಈ ಪದಕ್ಕೆಂದು 2007ರಲ್ಲಿ ಒಂದು ಮಾನದಂಡ ರೂಪಿಸಿ, 2016ರಲ್ಲಿ ತಾನೇ ಹಿಂದೆಗೆದುಕೊಂಡಿತು. ನಮ್ಮ ದೇಶದ ಆಹಾರ ಸುರಕ್ಷಾ ಪ್ರಾಧಿಕಾರವು 2024ರ ಆಗಸ್ಟ್‌ನಲ್ಲಿ ಹಾಲಿನ ಪೊಟ್ಟಣಗಳಿಂದ 'ಎ1', 'ಎ2' ಎಂಬ ಹೇಳಿಕೆಗಳನ್ನು ತೆಗೆಯುವಂತೆ ಸೂಚಿಸಿತು, ಒಂದೇ ವಾರದೊಳಗೆ ಆ ಸೂಚನೆಯನ್ನು ವಾಪಸು ಪಡೆಯಿತು. ಇಷ್ಟು ಅಸ್ಥಿರವಾದ ಮಾತುಗಳ ಮೇಲೆ ನಮ್ಮ ಮನೆಯ ತಯ್ಯಿಬ್ ನಿಂತಿರಬೇಕೇ? ಮದೀನಾದ ಪೇಟೆಯಲ್ಲಿ ಪ್ರವಾದಿ(ಸ)ಯವರು ಧಾನ್ಯದ ರಾಶಿಯೊಳಗೆ ಕೈ ಹಾಕಿ, ಒಳಗಿನ ಒದ್ದೆಯನ್ನು ಬೆರಳಿನಿಂದ ಕಂಡುಕೊಂಡರು. ಆ ಒದ್ದೆಯನ್ನು ಗ್ರಾಹಕನಿಗೆ ಕಾಣುವಂತೆ ಮೇಲೇಕೆ ಇಡಲಿಲ್ಲವೆಂದು ವ್ಯಾಪಾರಿಯನ್ನು ಪ್ರಶ್ನಿಸಿದರು. ಮೇಲ್ಮೈಯನ್ನು ನಂಬಬೇಡಿ, ಒಳಗೆ ಕೈ ಹಾಕಿ ನೋಡಿ ಎಂಬುದೇ ಅಲ್ಲಿನ ಪಾಠ. ಲೇಬಲ್ ಎಂಬುದು ರಾಶಿಯ ಮೇಲ್ಮೈ ಮಾತ್ರ.

"ಬಿಸ್ಮಿಲ್ಲಾ ಹೇಳಿ ಕೊಯ್ದಿದ್ದಾರೆ, ಇನ್ನೇನು ಕೇಳುವುದು?" ಎನ್ನುವವರು ನಮ್ಮಲ್ಲಿ ಬಹಳ ಮಂದಿ. ಅವರಿಗೆ ನಮ್ಮ ಫಿಕ್‌ಹ್ ಗ್ರಂಥಗಳೇ ಉತ್ತರ ಹೇಳುತ್ತವೆ. ಹೊಲಸು ತಿಂದು ಬೆಳೆದ ಪ್ರಾಣಿಗೆ 'ಜಲ್ಲಾಲ' ಎಂದು ಹೆಸರು. ಅದರ ಮಾಂಸವನ್ನೂ ಹಾಲನ್ನೂ ಪ್ರವಾದಿ(ಸ)ಯವರು ತಡೆದರೆಂದು ಅಬೂದಾವೂದ್ ಮತ್ತು ತಿರ್ಮಿದಿಗಳಲ್ಲಿ ವರದಿಯಾಗಿದೆ. ಇಬ್ನು ಉಮರ್(ರ) ಇಂತಹ ಕೋಳಿಯನ್ನು ಮೂರು ದಿನ ಕೂಡಿಟ್ಟು, ಅನಂತರವೇ ತಿನ್ನುತ್ತಿದ್ದರು. ಇದು ಕರಾಹತ್ತೋ ನಿಷಿದ್ಧವೋ ಎಂಬಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೆ ಪ್ರಾಣಿ ಏನನ್ನು ತಿಂದಿತು ಎಂಬ ಪ್ರಶ್ನೆ ಧರ್ಮದ ಪ್ರಶ್ನೆಯೇ ಎಂಬಲ್ಲಿ ಭಿನ್ನಾಭಿಪ್ರಾಯವಿಲ್ಲ. ಕತ್ತಿಯ ಕ್ಷಣಕ್ಕೆ ಮಾತ್ರ ಹಲಾಲನ್ನು ಕಟ್ಟಿಹಾಕುವುದು ನಮ್ಮ ಇಮಾಮರು ಕಲಿಸಿದ ಪಾಠವಲ್ಲ.

ಈ ಪ್ರಶ್ನೆಯನ್ನು ಕೇಳದ ಲೋಕ ಏನು ಬೆಲೆ ತೆತ್ತಿತೆಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ ಹುಲ್ಲು ತಿನ್ನುವ ದನಗಳಿಗೆ ಸತ್ತ ಪ್ರಾಣಿಗಳ ಮಾಂಸ ಮತ್ತು ಮೂಳೆಯ ಪುಡಿಯನ್ನು ಆಹಾರದಲ್ಲಿ ಬೆರೆಸಿ ತಿನ್ನಿಸಲಾಯಿತು. 1986ರಲ್ಲಿ ಹುಚ್ಚು ದನದ ಕಾಯಿಲೆ ಪತ್ತೆಯಾಯಿತು. 1996ರಲ್ಲಿ ಅದು ಮನುಷ್ಯರಿಗೂ ತಗುಲಿರುವ ಸಂಭವವನ್ನು ಸರಕಾರವೇ ಒಪ್ಪಿಕೊಂಡಿತು. ಲಕ್ಷಾಂತರ ದನಗಳನ್ನು ಕೊಂದು ಸುಡಬೇಕಾಯಿತು.

ನಮ್ಮ ಅಂಗಳವನ್ನೂ ನೋಡಿಕೊಳ್ಳೋಣ. ಬಕ್ರೀದ್ ಹತ್ತಿರವಾದಾಗ ಕೆಲವು ಸಂತೆಗಳಲ್ಲಿ ಆಡು, ಕುರಿಗಳಿಗೆ ಬಲವಂತವಾಗಿ ನೀರು ಕುಡಿಸಿ ತೂಕ ಏರಿಸುವ ಮೋಸ ನಡೆಯುತ್ತದೆ. ಮಾರುವ ಮುನ್ನ ಕೆಲವು ದಿನ ಹಾಲು ಕರೆಯದೆ ಬಿಟ್ಟು ಕೆಚ್ಚಲು ಉಬ್ಬಿಸಿ ತೋರಿಸುವುದನ್ನು ಪ್ರವಾದಿ(ಸ)ಯವರು ತಡೆದಿದ್ದಾರೆ, ಹಾಗೆ ಮೋಸಹೋದವನಿಗೆ ಪ್ರಾಣಿಯನ್ನು ಹಿಂದಿರುಗಿಸುವ ಹಕ್ಕು ಕೊಟ್ಟಿದ್ದಾರೆ. ಕೆಚ್ಚಲಿಗೆ ಅನ್ವಯಿಸುವ ನಿಯಮ ಹೊಟ್ಟೆಗೆ ಅನ್ವಯಿಸದೇ? ಅಲ್ಲಾಹನ ಹೆಸರಿನಲ್ಲಿ ಅರ್ಪಿಸುವ ಪ್ರಾಣಿಗೇ ಇಂತಹ ಹಿಂಸೆಯಾದರೆ, ಆ ಕುರ್ಬಾನಿಯ ತಕ್ವಾ ಎಲ್ಲಿ ಉಳಿಯಿತು?

ಈಗ ಮುಖ್ಯ ಮಾತಿಗೆ ಬರೋಣ. ಹುಲ್ಲು ಮೇಯ್ದ ಮಾಂಸ ಬೇಕೆನ್ನುವವರು ಕೇಳಲೇಬೇಕಾದ ಪ್ರಶ್ನೆಯೊಂದಿದೆ: ಹುಲ್ಲು ಎಲ್ಲಿದೆ?

ಅಂಕೋಲಾದಿಂದ ಯಲ್ಲಾಪುರದ ಕಡೆ ಹೋಗುವ ಹೆದ್ದಾರಿಯಲ್ಲಿ, ಗಂಗಾವಳಿಯ ಕಣಿವೆಯಲ್ಲಿ ರಾಮನಗುಳಿ ಇದೆ. ಈ ಸೀಮೆಯಲ್ಲಿ ಹುಲ್ಲಿಗೆ ಬೇಣವಿತ್ತು, ಸೊಪ್ಪಿಗೆ ಬೆಟ್ಟವಿತ್ತು. ಮಲೆನಾಡ ಗಿಡ್ಡದಂತಹ ಪುಟ್ಟ ತಳಿ ಹೊರಗಿನ ಹಿಂಡಿಯ ಹಂಗಿಲ್ಲದೆ ಅದರಿಂದಲೇ ಬದುಕುತ್ತಿತ್ತು. ಘಟ್ಟದ ಮೇಲಿನ ಗೌಳಿಗರ ಎಮ್ಮೆಗಳು ಕಾಡಂಚಿನಲ್ಲಿ ಮೇಯ್ದು ಹಾಲು ಕೊಡುತ್ತಿದ್ದವು. ಇಂದು ಉತ್ತರ ಕನ್ನಡದ ಎಷ್ಟೋ ಬೋಳುಗುಡ್ಡಗಳ ಮೇಲೆ ಅಕೇಶಿಯಾ ನೆಡುತೋಪುಗಳಿವೆ, ಅವುಗಳ ತರಗೆಲೆಯ ಕೆಳಗೆ ಹುಲ್ಲು ಏಳುವುದಿಲ್ಲ. ನೂರು ಜಾನುವಾರುಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆಂದು ರಾಜ್ಯದ ಭೂಕಂದಾಯ ನಿಯಮ ಹೇಳುತ್ತದೆ. ಆದರೆ ಒತ್ತುವರಿಯಾಗದ, ಬೇರೆ ಉದ್ದೇಶಕ್ಕೆ ಮಂಜೂರಾಗದ ಗೋಮಾಳವನ್ನು ಹುಡುಕುವುದು ಕಷ್ಟ. ಹುಲ್ಲು ಅಳಿಯುತ್ತಿರುವಾಗ ಹುಲ್ಲಿನ ಹೆಸರು ದುಬಾರಿಯಾಗುತ್ತಿದೆ. ಇದೇ ಈ ವ್ಯಾಪಾರದ ಒಳಗುಟ್ಟು. ಬ್ರೆಜಿಲ್‌ನಲ್ಲಿ ಅಮೆಜಾನ್ ಕಾಡನ್ನು ಕಡಿದು ಮಾಡಿದ ಮೈದಾನದಲ್ಲಿ ಮೇಯುವ ದನಗಳೂ ಹುಲ್ಲನ್ನೇ ತಿನ್ನುತ್ತವೆ ಎಂಬುದನ್ನು ಲೇಬಲ್ ನಮಗೆ ತಿಳಿಸುವುದಿಲ್ಲ.

ಇಸ್ಲಾಮಿನಲ್ಲಿ ಹುಲ್ಲು ಮಾರಾಟದ ಬಿರುದಲ್ಲ, ಅದು ಹಕ್ಕು. ನೀರು, ಮೇವು ಮತ್ತು ಬೆಂಕಿ ಈ ಮೂರರಲ್ಲಿ ಜನರು ಪಾಲುದಾರರೆಂದು ಪ್ರವಾದಿ(ಸ)ಯವರು ಕಲಿಸಿದರು. ಖಲೀಫಾ ಉಮರ್(ರ) ಕಾಯ್ದಿಟ್ಟ ಹುಲ್ಲುಗಾವಲಿಗೆ ಹುನೈ ಎಂಬವರನ್ನು ನೇಮಿಸಿದಾಗ ನೀಡಿದ ಆದೇಶ ಬುಖಾರಿಯಲ್ಲಿದೆ. ನಾಲ್ಕಾರು ಒಂಟೆ, ಕುರಿಗಳಿರುವ ಬಡವನನ್ನು ಒಳಗೆ ಬಿಡು, ಸಿರಿವಂತರ ಹಿಂಡುಗಳ ವಿಷಯದಲ್ಲಿ ಎಚ್ಚರವಾಗಿರು ಎಂಬುದು ಅದರ ಸಾರ. ಆ ಸಿರಿವಂತರಾಗಿ ಅವರು ಹೆಸರಿಸಿದ್ದು ಯಾರನ್ನು? ಉಸ್ಮಾನ್(ರ) ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಂತಹ ಮಹಾನ್ ಸಹಾಬಿಗಳನ್ನು! ಅವರ ಹಿಂಡು ಅಳಿದರೆ ತೋಟಗಳಿವೆ, ಬಡವನ ಹಿಂಡು ಅಳಿದರೆ ಅವನು ಮಕ್ಕಳೊಂದಿಗೆ ಬಾಗಿಲಿಗೆ ಬರುತ್ತಾನೆ ಎಂಬುದು ಅವರ ವಾದವಾಗಿತ್ತು. ಇಂದಿನ ಮಾರುಕಟ್ಟೆ ಈ ಆದೇಶವನ್ನು ತಲೆಕೆಳಗು ಮಾಡಿದೆ. ಬಡ ದನಗಾಹಿಗೆ ಹುಲ್ಲಿಲ್ಲ, ಉಳ್ಳವನ ತಟ್ಟೆಯಲ್ಲಿ ಹುಲ್ಲಿನ ಮಾಂಸವಿದೆ.

"ಬಡವರು ಬ್ರಾಯ್ಲರ್ ಕೋಳಿಯಲ್ಲದೆ ಬೇರೇನು ಕೊಳ್ಳಬಲ್ಲರು? ಅವರ ತಟ್ಟೆಯನ್ನೂ ಕಸಿಯುತ್ತೀರಾ?" ಎಂದು ಕೆಲವರು ಕೇಳಬಹುದು. ಇಲ್ಲ. ಅಲ್ಲಾಹನು ಹಲಾಲ್ ಮಾಡಿದ್ದನ್ನು ಹರಾಮ್ ಎನ್ನುವ ಅಧಿಕಾರ ಯಾರಿಗೂ ಇಲ್ಲ, ಕಡಿಮೆ ಬೆಲೆಯ ಆಹಾರ ಕೀಳೂ ಅಲ್ಲ. ಇಲ್ಲಿನ ವಾದ ಬಡವನ ಮೇಲಲ್ಲ. ಮದುವೆಯ ಔತಣದಲ್ಲಿ ಐದು ಬಗೆಯ ಮಾಂಸ ಬಡಿಸಿ ಅರ್ಧವನ್ನು ಎಸೆಯುವವರ ಮೇಲೆ, ಮನೆಯಲ್ಲಿ ಮಾತ್ರ 'ಗ್ರಾಸ್ ಫೆಡ್' ಕೊಂಡು ತಯ್ಯಿಬ್ ಪೂರೈಸಿತೆಂದು ಭಾವಿಸುವವರ ಮೇಲೆ. ಮಾಂಸದ ಚಟಕ್ಕೂ ಮದ್ಯದ ಚಟದಂತಹ ಸೆಳೆತವಿದೆಯೆಂದು ಎಚ್ಚರಿಸಿದವರೂ ಉಮರ್(ರ) ಅವರೇ. ಕಡಿಮೆ ತಿನ್ನುವವನೇ ಉತ್ತಮವಾದುದನ್ನು ತಿನ್ನಬಲ್ಲನು.

ಹಾಗಾದರೆ ಮಾಡಬೇಕಾದದ್ದೇನು? ಮಾಂಸದಂಗಡಿಯಲ್ಲಿ "ಹಲಾಲೇ?" ಎಂದು ಕೇಳುವ ನಾಲಿಗೆ "ಎಲ್ಲಿಂದ ಬಂತು, ಏನು ಮೇಯ್ದಿತ್ತು?" ಎಂದೂ ಕೇಳಲಿ. ಪ್ರತಿ ಜಮಾಅತ್ ಬಕ್ರೀದ್‌ಗೆ ಮೂರು ತಿಂಗಳು ಮುಂಚೆಯೇ ಬಯಲುಸೀಮೆಯ ಕುರಿಗಾಹಿಗಳೊಂದಿಗೆ, ಸುತ್ತಲಿನ ಆಡು ಸಾಕುವ ಕುಟುಂಬಗಳೊಂದಿಗೆ ನೇರ ಮಾತುಕತೆ ಮಾಡಿಕೊಳ್ಳಲಿ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯ ನಾಡಿನಲ್ಲಿ ಮೇಯ್ದು ಬೆಳೆದ ಆಡಿಗೆ ಬರವಿಲ್ಲ. ದಲ್ಲಾಳಿಯ ತಕ್ಕಡಿಗೆ ಹೋಗುವ ಹಣ ಸಾಕಿದವನ ಕೈಗೆ ಹೋಗಲಿ. ಗ್ರಾಮಸಭೆಯಲ್ಲಿ ಗೋಮಾಳದ ಪ್ರಶ್ನೆ ಬಂದಾಗ ಹಾಲಕ್ಕಿ, ಗೌಳಿ, ಸಿದ್ದಿ ನೆರೆಯವರೊಂದಿಗೆ ನಾವೂ ನಿಲ್ಲೋಣ. ದನ ಎಂಬ ಪದವನ್ನೇ ಜಗಳದ ಮೂಲವಾಗಿಸಿರುವ ಈ ಕಾಲದಲ್ಲಿ, ಅದರ ಮೇವಿಗಾಗಿ ಒಟ್ಟಿಗೆ ನಿಲ್ಲುವುದು ಸಣ್ಣ ಕೆಲಸವಲ್ಲ.

ಪ್ರವಾದಿ(ಸ)ಯವರು ಬಾಲ್ಯದಲ್ಲಿ ಮಕ್ಕಾದ ಜನರ ಆಡುಗಳನ್ನು ಮೇಯಿಸಿದವರು. ಯಾವ ಪ್ರಾಣಿ ಎಲ್ಲಿ ಮೇಯಿತು, ಸಂಜೆ ಹೊಟ್ಟೆ ತುಂಬಿ ಮರಳಿತೇ ಎಂಬುದು ಅವರಿಗೆ ಕಣ್ಣಾರೆ ಕಂಡ ಸಂಗತಿ. ಅವರ ಸಮುದಾಯವು ಆ ಅರಿವನ್ನು ಒಂದು ಚೀಟಿಯಿಂದ ಕೊಂಡುಕೊಳ್ಳಲಾಗದು, ಕೇಳಿ ತಿಳಿದು, ಕಾಪಾಡಿಯೇ ಪಡೆಯಬೇಕು. ನಮ್ಮ ಆಹಾರವನ್ನು ಹಲಾಲೂ ತಯ್ಯಿಬೂ ಆಗಿಸುವ ಎಚ್ಚರವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.